ಎಡಗಡೆಯಿಂದ ಬೆಳೆಯುವ ಚಂದ್ರ

ಜನವರಿ 20

ತಮ್ಮಯ್ಯ,

ನೀನು ಸುಖವಾಗಿ ತಲುಪಿದ ಕಾಗದ ಬಂತು. ಇದ್ದದ್ದು ನಾಲ್ಕು ಸಾಲು. ಅದರಲ್ಲಿ ಎರಡು ಸೆಖೆಯ ಬಗ್ಗೆ, ಒಂದು ಸೊಳ್ಳೆಯ ಬಗ್ಗೆ, ಕೊನೆಯದು ‘ಇಂತಿ’. ಸಮುದ್ರ ದಾಟಿ ಭೂಮಿಯ ಕೆಳಗಿನ ಅರ್ಧಕ್ಕೆ ಹೋದವನು ಒಡಹುಟ್ಟಿದವಳಿಗೆ ಹೀಗೆ ಬರೆಯುವುದೇ? ಅಂಗಡಿ ಹೇಗಿದೆ, ನಿನ್ನ ಮೇಜಿಗೆ ಬೆಳಕು ಬರುತ್ತದೆಯೇ, ಹಡಗಿನವರು ಎಂಥ ಗಡಿಯಾರಗಳನ್ನು ರಿಪೇರಿಗೆ ತರುತ್ತಾರೆ, ಎಲ್ಲ ಬರೆ.

ಇಲ್ಲಿ ಚಳಿ ಮೂಳೆಗೆ ಇಳಿದಿದೆ. ವರ್ಕ್‌ಶಾಪಿನಲ್ಲಿ ಭೂಗೋಳಗಳಿಗೆ ಹಚ್ಚುವ ಬಣ್ಣದ ಡಬ್ಬಿಗಳನ್ನು ಒಲೆಯ ಪಕ್ಕ ಇಟ್ಟು ಸಡಿಲ ಮಾಡಿಕೊಂಡ ಮೇಲೇ ಕೆಲಸ ಶುರು. ನಿನ್ನ ಕಾಗದ ಓದಿದ ನಿನ್ನ ಭಾವ, “ನಿನ್ ತಮ್ಮ ಸೂರ್ಯನಿಗೆ ಹತ್ರ ಹೋಗಿದಾನೆ, ಅದಕ್ಕೇ ಸೆಖೆ” ಅಂದರು. ಭೂಮಿ ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರ ಬರುವುದು ಈ ಜನವರಿಯಲ್ಲೇ, ಹಾಗಿದ್ದರೆ ನಾನೇಕೆ ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದೇನೆ ಎಂದು ಕೇಳಿದೆ. ಒಂದು ಗೋಳವನ್ನು ಓರೆಯಾಗಿ ಹಿಡಿದು, ಆ ಓರೆ ಬದಲಾಗದಂತೆ ಮೇಜಿನ ದೀಪದ ಸುತ್ತ ನಡೆಸಿ ತೋರಿಸಿದೆ. ಈಗ ನಿನ್ನ ಅರ್ಧ ದೀಪದ ಕಡೆ ವಾಲಿದೆ. ಬಿಸಿಲು ನೆತ್ತಿಯ ಮೇಲೆ ಬೀಳುತ್ತದೆ, ಹಗಲೂ ಉದ್ದ. ನಮ್ಮ ಅರ್ಧ ಆಚೆಗೆ ವಾಲಿದೆ. ಬಿಸಿಲು ಓರೆಯಾಗಿ ಬಂದು, ಅಗಲಕ್ಕೆ ಹರಡಿ, ತೆಳುವಾಗುತ್ತದೆ. ಭೂಮಿ ದೀಪದ ಆಚೆ ಬದಿಗೆ ಹೋದಾಗ ಎಲ್ಲ ಅದಲುಬದಲು. ಪೂರ್ತಿ ಕೇಳಿಸಿಕೊಂಡು, “ಅಂದ್ರೆ ಇನ್ನೂ ಮೂರು ತಿಂಗಳು ನನ್ ಸ್ವೆಟರ್ ನಿನ್ ಮೈಮೇಲೇ ಇರತ್ತೆ ಅನ್ನು” ಅಂದರು. ನನ್ನ ಪಾಠಕ್ಕೆ ಮನೆಯಲ್ಲಿ ಇರುವ ಬೆಲೆ ಇಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ವರ್ಕ್‌ಶಾಪಿಗೆ ದೊಡ್ಡ ಕೆಲಸ ಬಂದಿದೆ. ಶಾಲೆಗಳಿಗೆ ಕೊಡಲು ಸೂರ್ಯ, ಭೂಮಿ, ಚಂದ್ರರ ಮಾದರಿ. ಹಿಡಿ ತಿರುಗಿಸಿದರೆ ಹಲ್ಲುಚಕ್ರಗಳ ಮೇಲೆ ಎಲ್ಲವೂ ಸುತ್ತಬೇಕು. ಹಳೆಯ ಮಾದರಿಯಲ್ಲಿ ಪ್ರತಿ ಅಮಾವಾಸ್ಯೆಗೂ ಸೂರ್ಯಗ್ರಹಣ, ಪ್ರತಿ ಹುಣ್ಣಿಮೆಗೂ ಚಂದ್ರಗ್ರಹಣ ಆಗಿಬಿಡುತ್ತಿತ್ತು. ನಾನು ಚಂದ್ರನ ದಾರಿಯನ್ನು ತುಸು ಓರೆ ಮಾಡಿದೆ. ಈಗ ಹೆಚ್ಚಿನ ತಿಂಗಳು ನೆರಳು ಮೇಲಕ್ಕೋ ಕೆಳಕ್ಕೋ ತಪ್ಪಿಹೋಗುತ್ತದೆ, ಆಕಾಶದಲ್ಲಿ ಆಗುವ ಹಾಗೆಯೇ. ವರ್ಕ್‌ಶಾಪಿನ ಯಜಮಾನರು ಖುಷಿಯಾಗಿ, ಜೊತೆಗೆ ಕೊಡುವ ಕೈಪಿಡಿಯನ್ನೂ ನಾನೇ ಬರೆಯಬೇಕೆಂದರು. ನನಗೆ ಕೊಂಬು ಬಂದಿದೆ ಎಂದು ನೀನು ನಗಬಹುದು. ಬಂದಿದೆ.

ಈ ಮಾದರಿ ನಿನ್ನ ಕಡೆಯ ಶಾಲೆಗಳಿಗೂ ಹೋಗುತ್ತದೆ. ಅದಕ್ಕೇ ಸಂಜೆ ಹೊತ್ತು ಅಲ್ಲಿಯ ಚಂದ್ರನನ್ನು ನೋಡಿ, ಕಂಡ ಹಾಗೆ ಚಿತ್ರ ಬರೆದು ಕಳಿಸು. ಕೂದಲಿನಂಥ ಸ್ಪ್ರಿಂಗನ್ನು ನೆಟ್ಟಗೆ ಕೂರಿಸುವ ಕಣ್ಣು ನಿನ್ನದು, ಅದು ಈ ಅಕ್ಕನಿಗೂ ಸ್ವಲ್ಪ ಉಪಯೋಗಕ್ಕೆ ಬರಲಿ.

ನಿನ್ನ ಅಕ್ಕ

ಫೆಬ್ರವರಿ 15

ಗೋಳ ಮಾಡುವ, ಗೋಳು ಹೊಯ್ದುಕೊಳ್ಳುವ ಗೋಳಮ್ಮನವರಿಗೆ,

ಅಂಗಡಿ ಬಂದರಿನ ಹಿಂದಿನ ಬೀದಿಯಲ್ಲಿದೆ. ಒಂದು ಕಡೆ ಹಗ್ಗ ಮಾರುವವರು, ಇನ್ನೊಂದು ಕಡೆ ಕ್ಷೌರದಂಗಡಿ. ಇದನ್ನು ನಡೆಸುವುದು ಒಬ್ಬ ವಯಸ್ಸಾದ ಹೆಂಗಸು, ನಾನು ಅಂಗಡಿಯಮ್ಮ ಎನ್ನುತ್ತೇನೆ. ಮಾತು ಕಡಿಮೆ, ಗದರಿಕೆ ಜಾಸ್ತಿ, ನಿನ್ನದೇ ಇನ್ನೊಂದು ಅಚ್ಚು.

ಮೊದಲ ದಿನವೇ ಮಾನ ಹೋಯಿತು. ಊರಲ್ಲಿ ನಾನು ಉತ್ತರದ ಕಿಟಕಿಗೆ ಮೇಜು ಹಾಕಿಕೊಳ್ಳುತ್ತಿದ್ದೆನಲ್ಲ, ಅಲ್ಲಿ ನೇರ ಬಿಸಿಲು ಬರುವುದಿಲ್ಲ, ಬೆಳಕು ಒಂದೇ ಸಮ ಇರುತ್ತದೆ ಎಂದು. ಇಲ್ಲೂ ದಿಕ್ಕು ಕೇಳಿ ಉತ್ತರದ ಕಿಟಕಿ ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಮೇಜಿನ ಮೇಲೆ ಬಂದು ಕೂತಿತು. ಚಿಮುಟ ಮುಟ್ಟಿದರೆ ಬಿಸಿ. ಇಲ್ಲಿ ನಡುಹಗಲಿನ ಸೂರ್ಯ ಉತ್ತರದಲ್ಲಿ! ಅಂಗಡಿಯಮ್ಮ ಬಾಗಿಲಲ್ಲಿ ನಿಂತು, “ಗಡಿಯಾರದವನಿಗೆ ಸೂರ್ಯ ಎಲ್ಲಿರ್ತಾನೆ ಅಂತ ಗೊತ್ತಿರಲ್ವಾ?” ಅಂದರು. ಎದ್ದು ದಕ್ಷಿಣದ ಕಿಟಕಿಗೆ ಹೋದೆ.

ಕೆಲಸ ಚೆನ್ನಾಗಿದೆ. ಹಡಗಿನ ಗಡಿಯಾರಗಳು ಉಪ್ಪು ತಿಂದು ಬರುತ್ತವೆ. ಬಿಚ್ಚಿ, ತೊಳೆದು, ಮತ್ತೆ ಟಿಕ್ ಎಂದಾಗ ನನಗೆ ಇನ್ನೂ ಸಂತೋಷವೇ ಆಗುತ್ತದೆ.

ನಿನ್ನೆ ಸಂಜೆಯ ಚಂದ್ರನ ಚಿತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ. ಅಮಾವಾಸ್ಯೆ ಕಳೆದು ಹೊಸದಾಗಿ ಬಂದ ಗೆರೆ ಇದು. ಭಾವನಿಗೆ ನಮಸ್ಕಾರ. ಅವರ ಸ್ವೆಟರ್ ವಾಪಸ್ಸು ಕೊಡು.

ನಿನ್ನ ತಮ್ಮ

ಮಾರ್ಚ್ 10

ತಮ್ಮಯ್ಯ,

ಚಿತ್ರ ನೋಡಿದೆ. ಬೆಳೆಯುವ ಚಂದ್ರ ಬಲಗಡೆ ಬೆಳಗುತ್ತಾನೆ ಎಂದು ನಿನಗೆ ಒಂದನೇ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದೆ. ನೀನು ಎಡಗಡೆ ಬರೆದಿದ್ದೀಯ. ಅಮಾವಾಸ್ಯೆಗೆ ಹೋಗುವ ಚಂದ್ರನನ್ನು ನಸುಕಿನಲ್ಲಿ ನೋಡಿ, ನಿನ್ನೆ ಸಂಜೆ ಎಂದು ನನಗೆ ಟೋಪಿ ಹಾಕುತ್ತಿದ್ದೀಯೋ, ಅಥವಾ ಕನ್ನಡಿಯಲ್ಲಿ ನೋಡಿ ಬರೆದೆಯೋ? ಭಾವನಿಗೆ ತೋರಿಸಿದೆ. “ಅವನಿಗೆ ಎಡಬಲ ಮರೆತುಹೋಗೋವಷ್ಟು ಸೆಖೆಯಾ?” ಅಂದರು.

ತಮಾಷೆ ಬಿಟ್ಟು ಕೇಳುತ್ತೇನೆ. ತಲೆ ಸುತ್ತುವುದು, ಒಂದು ಪಕ್ಕ ಜೋಮು ಹಿಡಿಯುವುದು ಏನಾದರೂ ಇದೆಯಾ? ಇದ್ದರೆ ಮುಚ್ಚಿಡಬೇಡ. ಕೂಡಲೇ ಬರೆ.

ಅಕ್ಕ

ಏಪ್ರಿಲ್ 2

ಅಕ್ಕನಿಗೆ,

ನಿನ್ನ ಕಾಗದ ಓದಿ ನಾನು ನಕ್ಕ ನಗೆಗೆ ಅಂಗಡಿಯಮ್ಮ ಒಳಗಿನಿಂದ ಓಡಿಬಂದರು. ನನಗೆ ಜೋಮೂ ಇಲ್ಲ, ಸುತ್ತೂ ಇಲ್ಲ. ನಿನ್ನ ಲೆಕ್ಕದಲ್ಲಿ ನಾನು ತಲೆಕೆಳಗಾಗಿ ನಿಂತಿದ್ದೇನೆ, ಅಷ್ಟೆ.

ನೀನು ಸಂಜೆ ಚಂದ್ರನನ್ನು ನೋಡಲು ದಕ್ಷಿಣಕ್ಕೆ ಮುಖ ಮಾಡುತ್ತೀಯ. ಆಗ ಸೂರ್ಯ ಮುಳುಗಿದ ಪಶ್ಚಿಮ ನಿನ್ನ ಬಲಗೈಗೆ. ನಾನು ನೋಡಬೇಕಾದರೆ ಉತ್ತರಕ್ಕೆ ಮುಖ ಮಾಡಬೇಕು. ಪಶ್ಚಿಮ ನನ್ನ ಎಡಗೈಗೆ ಬರುತ್ತದೆ. ಚಂದ್ರನ ಬೆಳಗುವ ಮಗ್ಗುಲು ಯಾವತ್ತೂ ಸೂರ್ಯನ ಕಡೆಗೇ ಇರಬೇಕಲ್ಲವೇ? ಹಾಗಾಗಿ ಇಲ್ಲಿ ಚಂದ್ರ ಎಡಗಡೆಯಿಂದ ಬೆಳೆಯುತ್ತಾನೆ. ಚಂದ್ರನೊಳಗಿನ ಕಲೆಗಳೂ ಬುಡಮೇಲು. ನಂಬದಿದ್ದರೆ ನಿನ್ನ ಗೋಳದ ಕೆಳಭಾಗದಲ್ಲಿ ಒಂದು ಇರುವೆ ಬಿಟ್ಟು ಅದನ್ನೇ ಕೇಳು.

ಇನ್ನೂ ನಾಲ್ಕು ಚಿತ್ರ ಇಟ್ಟಿದ್ದೇನೆ. ಭೂಗೋಳದವರಿಗೆ ಗಡಿಯಾರದವನು ಪಾಠ ಹೇಳಿದ ಎಂದು ನಿಮ್ಮ ವರ್ಕ್‌ಶಾಪಿನ ಯಜಮಾನರಿಗೆ ಹೇಳಬೇಡ.

ತಮ್ಮ

ಏಪ್ರಿಲ್ 18

ತಮ್ಮಯ್ಯ,

ಸೋತೆ. ಮಾದರಿಯ ಎದುರು ನಿಂತು, ಬಗ್ಗಿ, ಕಾಲುಗಳ ನಡುವಿನಿಂದ ಚಂದ್ರನನ್ನು ನೋಡಿದೆ. ಎಡಗಡೆಯೇ ಬೆಳಗುತ್ತಿತ್ತು. ಅದೇ ಹೊತ್ತಿಗೆ ಯಜಮಾನರು ಬಂದರು. ಅವರ ಮುಖ ನೋಡಬೇಕಿತ್ತು. ನಿನ್ನ ಚಿತ್ರಗಳನ್ನೆಲ್ಲ ಗೋಡೆಗೆ ಅಂಟಿಸಿದ್ದೇನೆ. ಕೈಪಿಡಿಯಲ್ಲಿ ‘ಕೆಳಗಿನ ಅರ್ಧದವರಿಗೆ’ ಎಂದು ಬೇರೆ ಪುಟವೇ ಮಾಡುತ್ತಿದ್ದೇನೆ.

ಈ ಕಾಗದ ವೇಗದ ಅಂಚೆಯಲ್ಲಿ ಬರುತ್ತಿದೆ, ಕಾರಣ ಇದೆ. ಗ್ರಹಣಗಳ ಪುಸ್ತಕ ತಿರುವುತ್ತಿದ್ದೆ. ಮೇ ಹತ್ತರ ಸೂರ್ಯಗ್ರಹಣದ ನೆರಳು ಸರಿಯಾಗಿ ನಿನ್ನ ಊರಿನ ಮೇಲೆ ಹಾದುಹೋಗುತ್ತದೆ! ನನ್ನ ಜನ್ಮದಲ್ಲಿ ಒಂದೂ ಖಗ್ರಾಸ ನೋಡಿಲ್ಲ. ನೀನು ನನ್ನ ಪರವಾಗಿ ನೋಡಬೇಕು. ಸೂರ್ಯ ಎಷ್ಟೋ ದೊಡ್ಡದು, ಆದರೆ ದೂರ. ಚಂದ್ರ ಪುಟ್ಟದು, ಆದರೆ ಹತ್ತಿರ. ಹೆಬ್ಬೆರಳು ಕಣ್ಣ ಮುಂದೆ ಹಿಡಿದರೆ ಎದುರುಮನೆ ಮುಚ್ಚಿಹೋಗುತ್ತದಲ್ಲ, ಹಾಗೆ ಚಂದ್ರ ಸೂರ್ಯನನ್ನು ಅಳತೆ ಮಾಡಿ ಹೊಲಿದಂತೆ ಮುಚ್ಚುತ್ತಾನೆ. ಆಗ ಸುತ್ತ ಮುತ್ತಿನ ಬಣ್ಣದ ಕಿರೀಟ ಕಾಣುತ್ತದಂತೆ.

ಕೇಳು. ಮುಚ್ಚುವ ತನಕ ಸೂರ್ಯನ ಕಡೆ ಮುಖ ಎತ್ತಬೇಡ. ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಗೋಡೆಯ ಮೇಲೆ ಬೀಳುವ ಬಿಂಬವನ್ನು ಮಾತ್ರ ನೋಡು. ಚಂದ್ರ ಪೂರ್ತಿ ಒಳಗೆ ಬಂದು ನಡುವೆ ನಿಂತ ಮೇಲೆ ಬರಿಗಣ್ಣಿನಿಂದ ನೋಡಬಹುದು. ಆ ಕಿರೀಟವನ್ನು ನನಗೆ ಬರೆದು ಕಳಿಸು. ಕೈಪಿಡಿಯ ಮುಖಪುಟಕ್ಕೆ ಅದೇ.

ಅಕ್ಕ

ಮೇ 14

ಅಕ್ಕನಿಗೆ,

ಗ್ರಹಣ ನೀನು ಬರೆದ ಹಾಗೆಯೇ ಆಯಿತು. ಮೋಡ ಇರಲಿಲ್ಲ. ಪೂರ್ತಿ ಮುಚ್ಚಿತು. ಸುತ್ತ ಮುತ್ತಿನ ಬಣ್ಣದ ಕಿರೀಟ. ಬಹಳ ಚೆನ್ನಾಗಿತ್ತು.

ಚಿತ್ರ ಬರೆಯಲು ಆಗಲಿಲ್ಲ. ಬೇಗ ಮುಗಿದುಹೋಯಿತು.

ಅಂಗಡಿಯಲ್ಲಿ ಕೆಲಸ ಜಾಸ್ತಿ. ಸ್ವಲ್ಪ ದಿನ ಕಾಗದ ತಡವಾದರೆ ಗಾಬರಿ ಬೇಡ.

ತಮ್ಮ

ಜೂನ್ 5

ತಮ್ಮಯ್ಯ,

ನಿನ್ನ ಕಾಗದ ಹಿಡಿದುಕೊಂಡು ಮನೆಯಿಡೀ ಕುಣಿದೆ. ನಮ್ಮ ಮನೆಯ ಒಬ್ಬನಾದರೂ ಖಗ್ರಾಸ ನೋಡಿದ! ಚಿತ್ರ ಇಲ್ಲದ್ದಕ್ಕೆ ನಿನ್ನ ಕಿವಿ ಹಿಂಡಬೇಕು. ಹೋಗಲಿ, ನಿನ್ನ ಮಾತುಗಳನ್ನೇ ಕೈಪಿಡಿಗೆ ಹಾಕಿಕೊಂಡಿದ್ದೇನೆ. ಮುಚ್ಚಿದ ಮೇಲೆ ಬರಿಗಣ್ಣಿನಿಂದ ನೋಡಬಹುದು ಎನ್ನುವ ಸಾಲನ್ನೂ ಸೇರಿಸಿದೆ. ಪುಸ್ತಕ ಅಚ್ಚಿಗೆ ಹೋಯಿತು.

ಅದೇನು, ಅಕ್ಷರಗಳು ಇಷ್ಟು ದೊಡ್ಡದಾಗಿವೆ? ಮೂರು ಪದಕ್ಕೆ ಒಂದು ಸಾಲು ತುಂಬುತ್ತದೆ. ದೊಡ್ಡ ಮನುಷ್ಯ ಆದೆ ಎಂದು ತೋರಿಸಬೇಕೇ?

ಗೋಡೆಯ ಮೇಲೆ ಒಂದು ಜಾಗ ಖಾಲಿ ಇದೆ. ಬೆಳೆಯುವ ಅರ್ಧಚಂದ್ರ. ಅದೊಂದು ಕಳಿಸಿಬಿಡು, ಆಮೇಲೆ ನಿನ್ನ ತಲೆ ತಿನ್ನುವುದಿಲ್ಲ.

ಅಕ್ಕ

ಜುಲೈ 17

ಅಕ್ಕನಿಗೆ,

ತಡವಾಯಿತು. ಇಲ್ಲಿ ಈಗ ಚಳಿಗಾಲ. ಬಂದರಿನ ಗಾಳಿ ಕಿವಿ ಕೊಯ್ಯುತ್ತದೆ. ಅಂಗಡಿಯಮ್ಮ ನನ್ನನ್ನು ಮುಂದಿನ ಕೌಂಟರಿಗೆ ಹಾಕಿದ್ದಾರೆ. ಗಿರಾಕಿಗಳ ಹತ್ತಿರ ಮಾತಾಡುವುದು, ರಿಪೇರಿಯಾದದ್ದನ್ನು ಕೊಡುವುದು, ಗೋಡೆ ಗಡಿಯಾರಗಳಿಗೆ ಕೀ ಕೊಡುವುದು. ಮೇಜಿನ ಕೆಲಸಕ್ಕೆ ಬೇರೆಯವರು ಬಂದಿದ್ದಾರೆ. ಇದೂ ಒಂದು ಥರ ಬಡ್ತಿಯೇ.

ನೀನು ಕೇಳಿದ ಅರ್ಧಚಂದ್ರ ಇದರ ಜೊತೆ ಇದೆ. ಮೊನ್ನೆ ಸಂಜೆ ನೋಡಿ ಬರೆದದ್ದು.

ತಮ್ಮ

ಆಗಸ್ಟ್ 8

ತಮ್ಮಾ,

ಬಡ್ತಿ ಎಂದು ಓದಿ ಭಾವನಿಗೆ ಹೆಮ್ಮೆಯಿಂದ ಹೇಳಿದೆ. ಚಿತ್ರವನ್ನು ಗೋಡೆಯ ಖಾಲಿ ಜಾಗಕ್ಕೆ ಅಂಟಿಸಿ, ಎರಡು ಹೆಜ್ಜೆ ಹಿಂದೆ ಬಂದು ನಿಂತೆ.

ಇದು ಬಲಗಡೆ ಬೆಳಗುತ್ತಿದೆ.

ನೀನು ಎಡಬಲ ತಪ್ಪುವವನಲ್ಲ. ನನಗೇ ಪಾಠ ಹೇಳಿದವನು. ಇದು ನನ್ನ ಕಿಟಕಿಯಿಂದ ಕಾಣುವ ಚಂದ್ರ. ಮೊನ್ನೆ ಸಂಜೆ ನೀನು ಆಕಾಶ ನೋಡಿ ಬರೆದಿದ್ದರೆ ಇದು ಹೀಗೆ ಬರಲು ಸಾಧ್ಯವೇ ಇಲ್ಲ. ನೀನು ನೋಡಿಲ್ಲ. ಯಾಕೆ ನೋಡಿಲ್ಲ ಎಂದು ಯೋಚಿಸುತ್ತ ನಿನ್ನ ಹಿಂದಿನ ಕಾಗದಗಳನ್ನು ತೆಗೆದೆ. ಅಕ್ಷರ ದೊಡ್ಡದಾದದ್ದು ಮೇ ತಿಂಗಳಿನಿಂದ. ಮೇಜು ಬಿಟ್ಟದ್ದು ಅದಾದ ಮೇಲೆ. ಗ್ರಹಣದ ವರ್ಣನೆಯಲ್ಲಿ ನಿನ್ನದು ಎನ್ನುವ ಒಂದು ಮಾತೂ ಇಲ್ಲ, ಮುತ್ತಿನ ಬಣ್ಣ ಎಂದದ್ದೂ ನಾನೇ. ನಾನು ಅದನ್ನು ಓದಿ ಕುಣಿದಿದ್ದೆ.

ಗ್ರಹಣಗಳ ಪುಸ್ತಕ ಮತ್ತೆ ತೆರೆದೆ. ಆವತ್ತು ನಿನ್ನ ಊರಿನ ಹೆಸರು ಕಂಡ ಸಂಭ್ರಮದಲ್ಲಿ ಸಾಲಿನ ತುದಿ ಓದಿರಲಿಲ್ಲ. ಅಲ್ಲಿ ‘ಕಂಕಣ’ ಎಂದಿದೆ. ಖಗ್ರಾಸ ಅಲ್ಲ. ಮಾದರಿಯ ಹತ್ತಿರ ಹೋಗಿ, ಹಿಡಿ ತಿರುಗಿಸಿ, ಭೂಮಿಯ ಮಟ್ಟಕ್ಕೆ ಕಣ್ಣಿಟ್ಟು ನೋಡಿದೆ. ನನ್ನ ಚಂದ್ರ ಒಂದೇ ಉದ್ದದ ಕಂಬಿಯ ತುದಿಯಲ್ಲಿದ್ದಾನೆ. ಅಡ್ಡ ಬಂದಾಗಲೆಲ್ಲ ಸೂರ್ಯನ ಜಾಗದ ದೀಪವನ್ನು ಪೂರ್ತಿ ಮುಚ್ಚುತ್ತಾನೆ. ದಾರಿಯ ಓರೆ ತಿದ್ದಿದ್ದಕ್ಕೇ ಬೀಗಿದ ನನಗೆ, ನಿಜವಾದ ಚಂದ್ರ ಹತ್ತಿರ ಬರುತ್ತಾನೆ, ದೂರ ಹೋಗುತ್ತಾನೆ ಎನ್ನುವುದು ಮರೆತೇಹೋಗಿತ್ತು. ದೂರ ಇರುವಾಗ ಗ್ರಹಣವಾದರೆ ಚಂದ್ರ ಸೂರ್ಯನ ಅಳತೆಗೆ ಸಾಲುವುದಿಲ್ಲ. ನಡುವೆ ಬಂದು ನಿಂತರೂ ಸುತ್ತ ಬೆಂಕಿಯ ಬಳೆ ಉಳಿಯುತ್ತದೆ. ಬಳೆಯಷ್ಟು ಉಳಿದರೂ ಅದು ಸೂರ್ಯನೇ. ಬರಿಗಣ್ಣಿನಿಂದ ನೋಡಬಹುದು ಎಂದು ನಾನು ಬರೆದದ್ದು ಅದನ್ನು.

ನಿನ್ನ ಕಣ್ಣಿಗೆ ಏನಾಗಿದೆ? ಮುಚ್ಚಿಡಬೇಡ.

ಅಕ್ಕ

ಆಗಸ್ಟ್ 30

ಅಕ್ಕನಿಗೆ,

ಇದನ್ನು ಅಡ್ಡಪಟ್ಟಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಸಾಲು ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೊ.

ಆ ದಿನ ಅಂಗಡಿಯ ಹಿತ್ತಲಿನಲ್ಲಿ ರಟ್ಟು ಹಿಡಿದು ನಿಂತಿದ್ದೆ. ಗೋಡೆಯ ಮೇಲಿನ ಬಿಂಬ ಕುಡುಗೋಲಾಯಿತು, ಗೆರೆಯಾಯಿತು, ಆಮೇಲೆ ಉಂಗುರವಾಯಿತು. ಚಂದ್ರ ನಡುವೆ ನಿಂತ, ನೀನು ಬರೆದದ್ದು ಇದೇ ಎಂದುಕೊಂಡೆ. ಆ ಉಂಗುರವೇ ನೀನು ಹೇಳಿದ ಕಿರೀಟ ಎಂದು ನಂಬಿ ಮುಖ ಎತ್ತಿದೆ. ಅಷ್ಟು ಕತ್ತಲೇನೂ ಆಗಿರಲಿಲ್ಲ. ಕಣ್ಣು ಚುಚ್ಚಿತು, ನೀರು ಬಂತು. ಆದರೂ ಬಿಡಲಿಲ್ಲ. ಅಕ್ಕ ಚಿತ್ರ ಕೇಳಿದ್ದಾಳೆ, ಸರಿಯಾಗಿ ನೋಡಿಕೊಳ್ಳಬೇಕು ಎನ್ನುವುದೊಂದೇ ತಲೆಯಲ್ಲಿ.

ಆಮೇಲೆ ನೋವೇನೂ ಇರಲಿಲ್ಲ. ಮಾರನೆಯ ಬೆಳಗ್ಗೆ ಭೂತಗನ್ನಡಿ ಹಾಕಿಕೊಂಡು ಕೂತರೆ ಸ್ಪ್ರಿಂಗಿನ ತುದಿ ಸಿಗಲಿಲ್ಲ. ಎಲ್ಲಿ ನೋಡಿದರೆ ಅಲ್ಲೇ ಒಂದು ಬೂದು ಬಣ್ಣದ ಬೊಟ್ಟು ಬಂದು ಕೂರುತ್ತದೆ. ಅಂಚುಗಳೆಲ್ಲ ಕಾಣುತ್ತವೆ, ನಡುಭಾಗ ಇಲ್ಲ. ಎದುರಿಗಿರುವವರ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. ಕಣ್ಣಿನ ಡಾಕ್ಟರು, “ಬಿಸಿಲು ಒಳಗಡೆ ಸುಟ್ಟಿದೆ. ತಿಂಗಳುಗಟ್ಟಲೆ ಕಾಯ್ಬೇಕು. ಸ್ವಲ್ಪ ವಾಪಸ್ ಬರಬಹುದು, ಪೂರ್ತಿ ಅಂತ ಮಾತು ಕೊಡಲ್ಲ” ಅಂದರು. ಅಂಗಡಿಯಮ್ಮ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಕೌಂಟರಿಗೆ ಕಳಿಸಿದರು. ಅದನ್ನೇ ನಾನು ಬಡ್ತಿ ಎಂದು ಬರೆದೆ.

ಅದು ಕಂಕಣ ಎಂದು ಬಂದರಿನವರು ಮಾರನೆಯ ದಿನವೇ ಹೇಳಿದರು. ನಿನ್ನ ಮೇಲೆ ಸಿಟ್ಟು ಬಂತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಈ ಕೈಕೆಲಸ ಬಿಟ್ಟರೆ ನನಗೆ ಬೇರೆ ಗೊತ್ತಿಲ್ಲ, ಅದನ್ನು ಅಕ್ಕನೇ ಕಿತ್ತುಕೊಂಡಳು ಎಂದು ಒಂದು ವಾರ ನಿನ್ನ ಕಾಗದಗಳನ್ನು ಮುಟ್ಟಲಿಲ್ಲ. ಸಿಟ್ಟು ಇಳಿದ ಮೇಲೆ ಹೆದರಿಕೆ ಶುರುವಾಯಿತು. ನಿನಗೆ ತಿಳಿದರೆ ನೀನು ಮತ್ತೆ ಒಂದು ಗೋಳವನ್ನೂ ಮುಟ್ಟುವುದಿಲ್ಲ. ನಿನ್ನನ್ನು ನಾನು ಬಲ್ಲೆ. ಅದಕ್ಕೇ ನೀನು ಕೇಳಬೇಕೆಂದಿದ್ದದ್ದನ್ನೇ ಬರೆದೆ.

ಅರ್ಧಚಂದ್ರನನ್ನು ನೋಡಲು ಹೋಗಿದ್ದು ನಿಜ. ನೆಟ್ಟಗೆ ನೋಡಿದರೆ ಚಂದ್ರನೇ ಮಾಯ. ಒಳಗೆ ಬಂದು ಕಣ್ಣು ಮುಚ್ಚಿಕೊಂಡೆ. ಮುಚ್ಚಿದ ಕಣ್ಣಿಗೆ ಬರುವುದು ನಮ್ಮ ಮನೆಯ ಚಂದ್ರನೇ. ಅದನ್ನೇ ಬರೆದೆ. ಅದರಿಂದಲೇ ಸಿಕ್ಕಿಬೀಳುತ್ತೇನೆ ಎಂದು ಹೊಳೆಯಲಿಲ್ಲ.

ತಮ್ಮ

ಸೆಪ್ಟೆಂಬರ್ 20

ತಮ್ಮಾ,

ನಿನ್ನ ಕಾಗದವನ್ನು ಭಾವ ಓದಿ ಹೇಳಿದರು, ನನ್ನಿಂದ ಆಗಲಿಲ್ಲ. ತಪ್ಪು ನನ್ನದು. ನಿನಗೆ ಇನ್ನೂ ಸಿಟ್ಟಿದ್ದರೆ ಇರಲಿ, ಅದನ್ನು ನನ್ನಿಂದ ಬಚ್ಚಿಡಬೇಡ. ನೀನು ನಗಿಸಲು ಬರೆದ ಕಾಗದಗಳಿಗಿಂತ ಬೈದು ಬರೆದದ್ದೇ ನನಗೆ ಈಗ ಬೇಕು.

ನಿನ್ನ ಉತ್ತರ ಬರುವ ತನಕ ಕೈಪಿಡಿಯ ಯೋಚನೆಯೇ ಬಂದಿರಲಿಲ್ಲ, ಬಂದ ದಿನವೇ ವರ್ಕ್‌ಶಾಪಿಗೆ ಹೋದೆ. ಮಾದರಿಗಳೆಲ್ಲ ಪೆಟ್ಟಿಗೆಗೆ ಸೇರಿ, ಕೈಪಿಡಿಗಳು ಮೇಲೆ ಕೂತು, ಬಾಗಿಲ ಹತ್ತಿರ ಲಾರಿಗೆ ಕಾಯುತ್ತಿದ್ದವು. ಕಳಿಸಬೇಡಿ ಎಂದೆ. ಯಜಮಾನರು, “ಒಂದು ಸಾಲಿಗೋಸ್ಕರ ಎಲ್ಲಾ ಬಿಚ್ಚಬೇಕಾ? ಚೀಟಿ ಅಂಟಿಸಿದ್ರೆ ಆಗಲ್ವಾ?” ಅಂದರು. ನಿನ್ನ ಕಾಗದವನ್ನು ಅವರ ಮುಂದೆ ಇಟ್ಟೆ. ಓದಿದರು. ಪೆಟ್ಟಿಗೆ ಕಟ್ಟುವವರನ್ನು ಕರೆದು ಎಲ್ಲ ಬಿಚ್ಚಲು ಹೇಳಿದರು.

ಚಂದ್ರನ ಕಂಬಿಯನ್ನು ಕಿತ್ತುಹಾಕಿದ್ದೇನೆ. ಈಗ ನಡುವಿನಿಂದ ತುಸು ಸರಿದ ಚಕ್ರವೊಂದು ಇದೆ. ಸುತ್ತುತ್ತಿದ್ದಂತೆ ಚಂದ್ರ ಒಂದು ಕಡೆ ಹತ್ತಿರ ಬಂದು ಇನ್ನೊಂದು ಕಡೆ ದೂರ ಹೋಗುತ್ತಾನೆ. ದೂರದಲ್ಲಿದ್ದಾಗ ದೀಪದ ಮುಂದೆ ಬಂದರೆ ಸುತ್ತ ಬೆಳಕು ಉಳಿಯುತ್ತದೆ. ಕೈಪಿಡಿಯಲ್ಲಿ ಆ ಸಾಲು ತೆಗೆದು, ಮಕ್ಕಳಿಗೆ ಬಿಂಬ ನೋಡುವುದನ್ನು ಮಾತ್ರ ಹೇಳಿಕೊಟ್ಟಿದ್ದೇನೆ. ಆದರೆ ಯಾಕೆ ಎಂದು ಹೇಳುವ ಪುಟ ಇನ್ನೂ ಖಾಲಿ. ಅಲ್ಲಿ ‘ಅಪಾಯ’ ಎಂದು ದಪ್ಪ ಅಕ್ಷರದಲ್ಲಿ ಬರೆದರೆ ಯಾವ ಮಗು ಕೇಳುತ್ತದೆ? ನಾನೇ ಆಗಿದ್ದರೆ ಕೇಳುತ್ತಿರಲಿಲ್ಲ.

ಊರಿಗೆ ಬಂದುಬಿಡು. ಇಲ್ಲಿ ನಿನಗೆ ಒಂದು ಕೋಣೆ ಇದೆ. ಭಾವನೂ ಹೇಳುತ್ತಿದ್ದಾರೆ.

ಅಕ್ಕ

ಅಕ್ಟೋಬರ್ 14

ಅಕ್ಕನಿಗೆ,

ಈಗಲೇ ಬರುವುದಿಲ್ಲ. ಎಡಗಣ್ಣಿನ ಬೊಟ್ಟು ಸ್ವಲ್ಪ ತೆಳುವಾಗಿದೆ, ಬಲಗಣ್ಣಿನದು ಹಾಗೇ ಇದೆ. ದೊಡ್ಡ ಗೋಡೆ ಗಡಿಯಾರಗಳನ್ನು ಬೆರಳಿನಿಂದಲೇ ಬಿಚ್ಚಿ ಜೋಡಿಸಲು ಕಲಿಯುತ್ತಿದ್ದೇನೆ. ಅಂಗಡಿಯಮ್ಮ ಗದರುತ್ತಲೇ ಪಕ್ಕದಲ್ಲಿ ಕೂರುತ್ತಾರೆ. ಕೈಗಡಿಯಾರ ಮತ್ತೆ ಹಿಡಿಯುತ್ತೇನೋ ಇಲ್ಲವೋ ಗೊತ್ತಿಲ್ಲ. ಅದನ್ನು ನೆನೆದರೆ ಸಂಕಟವಾಗುತ್ತದೆ, ನಿನಗೆ ಇನ್ನು ಸುಳ್ಳು ಬರೆಯುವುದಿಲ್ಲ. ನೀನು ಕೆಲಸ ಬಿಡಲಿಲ್ಲ ಎಂದು ತಿಳಿದು ಮಾತ್ರ ನನಗೆ ಉಸಿರು ಬಂದ ಹಾಗಾಯಿತು.

ನಿನ್ನ ಖಾಲಿ ಪುಟದ ಬಗ್ಗೆ ಯೋಚಿಸಿದೆ. ಮೊನ್ನೆ ಅರ್ಧಚಂದ್ರ ಇತ್ತು. ಹಿತ್ತಲಿನಲ್ಲಿ ನಿಂತು, ನೆಟ್ಟಗೆ ನೋಡದೆ ಒಂದಿಷ್ಟು ಪಕ್ಕಕ್ಕೆ ನೋಡಿ, ಎಡಗಡೆ ಬೆಳಗುತ್ತಿರುವುದನ್ನು ಖಾತ್ರಿ ಮಾಡಿಕೊಂಡೆ. ಆಮೇಲೆ ನೆಟ್ಟಗೆ ನೋಡಿ, ಬಲಗಣ್ಣಿಗೆ ಕಂಡಷ್ಟನ್ನೇ ಬರೆದೆ. ಸುತ್ತ ಆಕಾಶ, ಹಿತ್ತಲಿನ ಗೋಡೆ, ಪಕ್ಕದ ಮನೆಯ ಕೊಳವೆ, ಎಲ್ಲ ಇದೆ. ಚಂದ್ರ ಇರಬೇಕಾದಲ್ಲಿ ಬೂದು ಬಣ್ಣದ ಬೊಟ್ಟು ಮಾತ್ರ ಇದೆ.

ಇದನ್ನು ಆ ಪುಟಕ್ಕೆ ಹಾಕು. ಉಂಗುರವನ್ನು ಬರಿಗಣ್ಣಿನಿಂದ ನೋಡಿದವನಿಗೆ ಆಮೇಲೆ ಚಂದ್ರ ಕಾಣುವುದು ಹೀಗೆ ಎಂದು ಕೆಳಗೆ ಬರೆ. ಯಾರು ನೋಡಿದ್ದು ಎಂದು ಮಕ್ಕಳು ಕೇಳುತ್ತಾರೆ. ಹೆಸರು ಬೇಡ. ‘ನನ್ನ ತಮ್ಮ’ ಎಂದು ಹಾಕು.

ತಮ್ಮ